ಕಲ್ಲುಗಣಿ ಸ್ಫೋಟದ ಶಬ್ದ ಮತ್ತು ನೆಲಕಂಪನ: ವಿವಿಧ ಮಾಧ್ಯಮಗಳಲ್ಲಿ ಧ್ವನಿತರಂಗಗಳ ಸಂಚಾರ

ಬಾಗಲಕೋಟೆ ಜಿಲ್ಲೆಯ ಇಳಕಲ್ ಮತ್ತು ಹುನಗುಂದ ಭಾಗದಲ್ಲಿ ಗ್ರಾನೈಟ್, ಬಾದಾಮಿ ಪರಿಸರದಲ್ಲಿ ಮರಳುಶಿಲೆ ಹಾಗೂ ಬಾಗಲಕೋಟೆಯ ಸುತ್ತ ಸುಣ್ಣಕಲ್ಲು ದೊರೆಯುತ್ತವೆ. ಹಲವೆಡೆ ಶಿಲೆಯ ಮೇಲೆ ಎರೆಮಣ್ಣಿನ ಹೊದಿಕೆಯಿದೆ. ಗಣಿಯಲ್ಲಿ ನಡೆಸುವ ಸ್ಫೋಟದ ಕಂಪನವು ಜನವಸತಿಯನ್ನು ತಲುಪುವ ಮುನ್ನ ಈ ಭಿನ್ನ ಮಾಧ್ಯಮಗಳನ್ನು ಹಾಯ್ದು ಬರುತ್ತದೆ. ಕಲ್ಲುಗಣಿ ಗುತ್ತಿಗೆ ಕೋರುವ ಅರ್ಜಿದಾರರ ಹಾಗೂ ಮನೆಯ ಬಿರುಕಿನ ಬಗ್ಗೆ ದೂರು ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವೇಗದ ವ್ಯತ್ಯಾಸ

ಧ್ವನಿಯ ವೇಗವು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ನೀರಿನಲ್ಲಿ ಸುಮಾರು 1,480 ಮೀಟರ್. ಗಟ್ಟಿ ಗ್ರಾನೈಟಿನಲ್ಲಿ ಅದು 5,000 ಮೀಟರಿನ ಆಸುಪಾಸಿನಲ್ಲಿರುತ್ತದೆ; ಒಣಗಿದ ಸಡಿಲ ಮಣ್ಣಿನಲ್ಲಿ ಕೆಲವು ನೂರು ಮೀಟರಿಗೆ ಇಳಿಯುತ್ತದೆ. ಈ ಕಾರಣದಿಂದ ಒಂದು ಕಿಲೋಮೀಟರ್ ದೂರದ ಸ್ಫೋಟವು ಎರಡು ಬಾರಿ ಅನುಭವಕ್ಕೆ ಬರುತ್ತದೆ. ಬಂಡೆಯ ಮೂಲಕ ಬಂದ ಅದುರು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ತಲುಪಿದರೆ, ಗಾಳಿಯಲ್ಲಿ ಬಂದ ಸದ್ದು ಸುಮಾರು ಮೂರು ಸೆಕೆಂಡುಗಳ ನಂತರ ಕೇಳಿಸುತ್ತದೆ. ಇವನ್ನು ಎರಡು ಸ್ಫೋಟಗಳೆಂದು ಭಾವಿಸಬೇಕಾಗಿಲ್ಲ.

ಗಡಿಯಲ್ಲಿ ನಡೆಯುವುದೇನು

ತರಂಗವು ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ದಾಟುವಾಗ ಅದರ ಆವೃತ್ತಿ ಬದಲಾಗದು. ವೇಗ ಮತ್ತು ತರಂಗದೂರ ಬದಲಾಗುತ್ತವೆ, ಓರೆಯಾಗಿ ಬಿದ್ದ ತರಂಗವು ದಿಕ್ಕನ್ನೂ ಬದಲಿಸುತ್ತದೆ. ಎಷ್ಟು ಶಕ್ತಿ ದಾಟುವುದು, ಎಷ್ಟು ಹಿಂದಿರುಗುವುದು ಎಂಬುದನ್ನು ಎರಡೂ ಮಾಧ್ಯಮಗಳ ಸಾಂದ್ರತೆ ಮತ್ತು ಧ್ವನಿವೇಗಗಳ ಗುಣಲಬ್ಧವು ನಿರ್ಧರಿಸುತ್ತದೆ. ಗಾಳಿ ಮತ್ತು ಗ್ರಾನೈಟುಗಳ ನಡುವೆ ಈ ಗುಣಲಬ್ಧದ ಅಂತರ ಬಹು ದೊಡ್ಡದು. ಗಾಳಿಯಿಂದ ಬಂಡೆಗೆ ನೇರವಾಗಿ ಬಡಿದ ಧ್ವನಿಯ ಶಕ್ತಿಯಲ್ಲಿ ಒಳಹೋಗುವುದು ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಬಾದಾಮಿಯ ಅಗಸ್ತ್ಯತೀರ್ಥದ ಸುತ್ತಲಿನ ಕಡಿದಾದ ಬಂಡೆಗಳು ಕೂಗನ್ನು ಮರಳಿಸುವುದು ಇದೇ ನಿಯಮದಿಂದ. ಕಲ್ಲುಕುಟಿಗರು ಸುತ್ತಿಗೆಯಿಂದ ಬಡಿದು ಕಲ್ಲನ್ನು ಪರೀಕ್ಷಿಸುವುದೂ ಇದನ್ನೇ ಆಧರಿಸಿದೆ: ಅಖಂಡ ಕಲ್ಲು ಗಣಗಣಿಸುತ್ತದೆ, ಒಳಬಿರುಕಿನ ಗಾಳಿಯು ತರಂಗವನ್ನು ತಡೆದರೆ ಸದ್ದು ಬೊದ್ದಾಗುತ್ತದೆ. ಉಪಕರಣಗಳು ಬರುವ ಬಹು ಹಿಂದಿನಿಂದಲೂ ಬಳಕೆಯಲ್ಲಿರುವ ಈ ಪರೀಕ್ಷೆ ಇಂದಿಗೂ ನಂಬಿಕೆಗೆ ಅರ್ಹವಾದುದೇ.

ಬಂಡೆಯಿಂದ ಮಣ್ಣಿಗೆ ದಾಟುವ ಕಂಪನದ ವಿಷಯದಲ್ಲಿ ಹೆಚ್ಚಿನ ಗಮನ ಅಗತ್ಯ. ಮೃದು ಮಣ್ಣಿನಲ್ಲಿ ವೇಗ ಮತ್ತು ಸಾಂದ್ರತೆ ಕಡಿಮೆಯಾದ್ದರಿಂದ ಅಷ್ಟೇ ಶಕ್ತಿಯನ್ನು ಸಾಗಿಸಲು ಮಣ್ಣಿನ ಕಣಗಳು ಹೆಚ್ಚು ಅಲುಗಬೇಕಾಗುತ್ತದೆ. ಮೇಲಾಗಿ ಮಣ್ಣು ಹೆಚ್ಚಿನ ಆವೃತ್ತಿಯ ಕಂಪನಗಳನ್ನು ಬೇಗ ಹೀರಿಕೊಂಡು ಕಡಿಮೆ ಆವೃತ್ತಿಯವನ್ನು ಮುಂದಕ್ಕೆ ಬಿಡುತ್ತದೆ. ಸಾಮಾನ್ಯ ಮನೆಗಳು ಸುಲಭವಾಗಿ ತೂಗುವುದು ಈ ಕಡಿಮೆ ಆವೃತ್ತಿಗಳಿಗೇ. ಆದ್ದರಿಂದ ಗಣಿಯಿಂದ ಸಮಾನ ದೂರದಲ್ಲಿರುವ ಎರಡು ಮನೆಗಳ ಪೈಕಿ ಬಂಡೆಯ ಮೇಲಿನದು ಸುರಕ್ಷಿತವಾಗಿದ್ದು, ಎರೆಮಣ್ಣಿನ ಮೇಲಿನದು ಹೆಚ್ಚು ನಡುಗಬಹುದು. ಹೀಗೆ ದೂರು ನೀಡಿದ ಎರೆಮಣ್ಣಿನ ನಿವಾಸಿಯ ಮಾತನ್ನು ನೆರೆಯ ಮನೆ ಗಟ್ಟಿಯಾಗಿದೆಯೆಂಬ ಕಾರಣಕ್ಕೆ ತಳ್ಳಿಹಾಕುವುದು ಸರಿಯಲ್ಲ. ಆದರೆ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣು, ಸ್ಫೋಟವಿಲ್ಲದೆಯೂ ಗೋಡೆಯನ್ನು ಬಿರಿಸಬಲ್ಲುದು.

ಮಿತಿಗಳು

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಗಣಿ ಮಾಲೀಕರಿಗೆ ಸೇರದ ವಾಸದ ಮನೆಗಳ ಬಳಿ ನೆಲದ ಕಣಗಳ ಗರಿಷ್ಠ ವೇಗವು 8 ಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯಲ್ಲಿ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25 ಹರ್ಟ್ಸ್‌ವರೆಗೆ 10 ಹಾಗೂ ಅದಕ್ಕೂ ಮೇಲ್ಪಟ್ಟಲ್ಲಿ 15 ಮಿಲಿಮೀಟರ್ ಮೀರುವಂತಿಲ್ಲ. ಐತಿಹಾಸಿಕ ಮಹತ್ವದ ಕಟ್ಟಡಗಳಿಗೆ ಇದೇ ಮಿತಿಗಳು ಕ್ರಮವಾಗಿ 2, 5 ಮತ್ತು 10 ಮಿಲಿಮೀಟರ್. ಮಾಪನವನ್ನು ಗಣಿಯ ಅಂಚಿನಲ್ಲಲ್ಲ, ಸಂಬಂಧಿಸಿದ ಕಟ್ಟಡದ ಬುನಾದಿಗೆ ಹೊಂದಿಕೊಂಡ ನೆಲದಲ್ಲಿ ಮಾಡಿದರೆ ಮಾತ್ರ ಅರ್ಥಪೂರ್ಣ.

ಸದ್ದಿನ ಬಗೆಗಿನ ದೂರುಗಳಲ್ಲಿ ಸ್ಫೋಟದ ಹೊತ್ತು ಮುಖ್ಯ. ಬೆಳಗಿನ ಜಾವ ನೆಲದ ಬಳಿಯ ಗಾಳಿ ತಂಪಾಗಿದ್ದು ಮೇಲಿನ ಗಾಳಿ ಬೆಚ್ಚಗಿದ್ದರೆ, ಮೇಲೇರಿದ ಧ್ವನಿ ಬಾಗಿ ಪುನಃ ನೆಲಕ್ಕಿಳಿದು ದೂರದ ಊರುಗಳಿಗೂ ಕೇಳಿಸುತ್ತದೆ. ಮಧ್ಯಾಹ್ನ ಇದು ವಿರಳ.

ದೂರಿನಲ್ಲಿ ಸ್ಫೋಟದ ದಿನಾಂಕ, ವೇಳೆ, ಗಣಿಯಿಂದ ಇರುವ ದೂರ, ಬುನಾದಿಯ ಕೆಳಗಿನ ನೆಲದ ಬಗೆ, ಬಿರುಕು ಮೊದಲು ಕಂಡ ದಿನ ಇವುಗಳನ್ನು ನಮೂದಿಸಿ, ಅಳತೆಪಟ್ಟಿ ಇಟ್ಟು ತೆಗೆದ ಛಾಯಾಚಿತ್ರಗಳನ್ನು ಲಗತ್ತಿಸುವುದು ಸೂಕ್ತ. ಬಾದಾಮಿ, ಪಟ್ಟದಕಲ್ಲು ಹಾಗೂ ಐಹೊಳೆಯ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ.