ಕಲ್ಯಾಣದ ದೊರೆ ಬರೆದಿಟ್ಟ ಆಟಗಳು

ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ನೂರು ಅಧ್ಯಾಯಗಳ ಈ ಗ್ರಂಥದ ಕೊನೆಯ ಇಪ್ಪತ್ತು, ‘ಕ್ರೀಡಾವಿಂಶತಿ’, ಆಟಗಳಿಗೇ ಮೀಸಲು. ಚದುರಂಗ, ದಾಳ, ಕವಡೆ ಎಲ್ಲ ಅದರಲ್ಲಿವೆ. ರಾಜ್ಯಭಾರದ ನಡುವೆ ದೊರೆಗೆ ಅಷ್ಟು ಪುರುಸೊತ್ತು!

ಅವನ ಹಾಸು, ಕಾಯಿಗಳು ಉಳಿದಿಲ್ಲ. ಆಟದ ವಿವರ ಮಾತ್ರ ಲಿಪಿಕಾರರ ಕೈಯಿಂದ ಕೈಗೆ ಪ್ರತಿಯಾಗುತ್ತ ಬಂತು. 1925ರಲ್ಲಿ ಬರೋಡದಲ್ಲಿ ಮೊದಲ ಸಂಪುಟ ಅಚ್ಚಾಯಿತು.

ಇಂದಿನ ವಿಡಿಯೋ ಗೇಮಿಗೆ ಹೀಗೆ ಪ್ರತಿಯಾಗಿ ಉಳಿಯುವ ದಾರಿ ಸಲೀಸಲ್ಲ. ಪ್ರತಿ ಮಾಡಲು ಕಾನೂನಿನ ತೊಡಕು. ಆಡಲು ಹಳೆಯ ಯಂತ್ರವೋ ಅದನ್ನು ಅನುಕರಿಸುವ ತಂತ್ರಾಂಶವೋ ಬೇಕು. 2023ರ ಅಧ್ಯಯನವೊಂದರ ಪ್ರಕಾರ, 2010ಕ್ಕೂ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮುಗಳಲ್ಲಿ ಶೇ 87ರಷ್ಟು ಅಲ್ಲಿನ ಮಾರುಕಟ್ಟೆಯಲ್ಲೇ ಸಿಗುತ್ತಿರಲಿಲ್ಲ. ನಮ್ಮ ಮೊಬೈಲಿನಲ್ಲಿರುವ ಆನ್‌ಲೈನ್ ಗೇಮ್ ಕೂಡ, ದೂರದಲ್ಲೆಲ್ಲೋ ಕಂಪನಿ ಸರ್ವರ್ ನಿಲ್ಲಿಸಿದರೆ, ಮರುದಿನ ತೆರೆಯುವುದಿಲ್ಲ.