ಭೂತಾನದ ಉಡಿಗೆಯೂ ರಾಜಾಜ್ಞೆಯೂ

ಪೂರ್ವಾಚಾರಗಳ ರಕ್ಷಣೆಯ ಮಾತು ಬಂದಾಗಲೆಲ್ಲ ಹಿಮಾಲಯದ ಪೂರ್ವಭಾಗದಲ್ಲಿರುವ ಭೂತಾನವನ್ನು ಉದಾಹರಿಸುವುದು ವಾಡಿಕೆಯಾಗಿದೆ. ಅಲ್ಲಿಯ ಪ್ರಜೆಗಳು ಕಛೇರಿಗಾಗಲಿ ಪಾಠಶಾಲೆಗಾಗಲಿ ದೇಶೀಯ ಉಡಿಗೆಯಲ್ಲಿಯೇ ಹೋಗತಕ್ಕದ್ದೆಂಬ ನಿಯಮವು ಇಂದಿಗೂ ಉಂಟು. ಇದನ್ನು ಕೇಳಿ ಸಂತೋಷಪಡುವುದು ಸಹಜವೇ. ಆದರೆ ಇದರ ಚರಿತ್ರೆಯನ್ನರಿಯದೆ ಹೊಗಳುವುದು ಯುಕ್ತವಲ್ಲ.

ಟಿಬೆಟ್ಟಿನ ರಾಲುಂಗ್ ಮಠದಿಂದ 1616ರಲ್ಲಿ ಬಂದ ಶಬ್ದ್ರುಂಗ್ ನವಾಂಗ್ ನಾಮ್‌ಗ್ಯಾಲ್ ಎಂಬ ಲಾಮಾ ಗುರುವು ಬೇರೆಬೇರೆಯಾಗಿದ್ದ ಕಣಿವೆಗಳನ್ನು ಒಂದು ರಾಜ್ಯವಾಗಿ ಕೂಡಿಸಿದನು. 1629ರಲ್ಲಿ ಸಿಮ್ತೋಖಾದಲ್ಲಿ ಕೋಟೆಮಠವನ್ನು ಕಟ್ಟಿಸಿದನು. ಟಿಬೆಟ್ಟಿನ ಸೇನೆಗಳನ್ನು ಹಿಮ್ಮೆಟ್ಟಿಸಿದನು. ಗಂಡಸರು ಮೊಳಕಾಲಿನವರೆಗೆ ಎತ್ತಿಕಟ್ಟಿ ನಡುಪಟ್ಟಿಯಿಂದ ಬಿಗಿಯುವ ‘ಘೋ’ ಎಂಬ ನಿಲುವಂಗಿಯೂ, ‘ದ್ರಿಗ್ಲಾಮ್ ನಾಮ್‌ಝಾ’ ಎಂಬ ಶಿಷ್ಟಾಚಾರವೂ ಆತನ ಕಾಲದಿಂದ ಬಂದುವೆಂದು ಅಲ್ಲಿಯವರ ನಂಬುಗೆ. ಟಿಬೆಟ್ಟಿನವರಿಗಿಂತ ತಾವು ಬೇರೆ ಎಂಬುದನ್ನು ತೋರಿಸಲು ಆ ಉಡಿಗೆಯು ಗುರುತಾಯಿತು. ಆದುದರಿಂದ ಇಂದು ಪುರಾತನವೆನಿಸಿದ್ದೂ ಒಂದು ಕಾಲದಲ್ಲಿ ನೂತನವಾಗಿದ್ದಿತೆಂಬುದನ್ನು ಮರೆಯಬಾರದು.

ಹೆಂಗಸರ ‘ಕೀರಾ’ ಮನೆಯ ಮಗ್ಗದಲ್ಲಿಯೇ ಬೆಳೆಯಿತು. ‘ತ್ಸೆಚು’ ಎಂದರೆ ದಶಮಿ; ಪದ್ಮಸಂಭವ ಗುರುವಿನ ಸ್ಮರಣೆಗಾಗಿ ಕೋಟೆಮಠಗಳ ಅಂಗಳದಲ್ಲಿ ಮುಖವಾಡದ ನೃತ್ಯಗಳು ನಡೆಯುವ ಉತ್ಸವವದು. ಇವುಗಳನ್ನು ಶತಮಾನಗಳ ಕಾಲ ಉಳಿಸಿದುದು ಬಳಕೆ, ಭಕ್ತಿ, ಮತ್ತು ಕೈಯ ಕುಶಲತೆ.

1961ರಲ್ಲಿ ಮೊದಲನೆಯ ಪಂಚವಾರ್ಷಿಕ ಯೋಜನೆಯು ಪ್ರಾರಂಭವಾಯಿತು. ರಸ್ತೆಗಳೂ ಹೊಸ ಶಾಲೆಗಳೂ ಬಂದುವು. ನೆರೆಯ ಟಿಬೆಟ್ಟು ಚೀನದ ವಶವಾದುದನ್ನೂ, 1975ರಲ್ಲಿ ಸಿಕ್ಕಿಂ ಭಾರತದಲ್ಲಿ ಸೇರಿದುದನ್ನೂ ಕಂಡ ಸಣ್ಣ ರಾಜ್ಯವು ತನ್ನ ತನವನ್ನು ಕುರಿತು ಚಿಂತಿಸಿದ್ದು ಆಶ್ಚರ್ಯವಲ್ಲ. 1989ರಲ್ಲಿ ದೇಶೀಯ ಉಡಿಗೆಯನ್ನು ಕಡ್ಡಾಯಗೊಳಿಸುವ ರಾಜಾಜ್ಞೆಯು ಹೊರಟಿತು. ದಕ್ಷಿಣದ ಸೆಕೆಯ ತಪ್ಪಲಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದ, ನೇಪಾಳೀ ಮಾತನಾಡುವ, ಬಹುಪಾಲು ಹಿಂದೂಗಳಾದ ಲೋತ್ಸಾಂಪರಿಗೂ ಅದು ಅನ್ವಯಿಸಿತು. ಅದೇ ಕಾಲದಲ್ಲಿ ಶಾಲೆಗಳಿಂದ ನೇಪಾಳೀ ಪಾಠವೂ ಹೋಯಿತು. 1985ರ ಪೌರತ್ವದ ಕಾನೂನೂ 1988ರ ಜನಗಣತಿಯೂ ಅವರಲ್ಲಿ ಆಗಲೇ ಕಳವಳವನ್ನು ಹುಟ್ಟಿಸಿದ್ದುವು. 1990ರಲ್ಲಿ ಪ್ರತಿಭಟನೆಗಳಾದುವು, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 1 ಲಕ್ಷ ಜನರು ನೇಪಾಳದ ಶಿಬಿರಗಳನ್ನು ಸೇರಿದರು. 2007ರ ಅನಂತರ ಅವರಲ್ಲಿ ಬಹುಮಂದಿ ಅಮೆರಿಕ ಮೊದಲಾದ ದೂರದೇಶಗಳಿಗೆ ತೆರಳಿದರು.

ಗೆದ್ದ ದೇಶದಲ್ಲಿಯೂ ಅಲ್ಲಿಯ ಆಚಾರ, ವ್ಯವಹಾರ, ಕುಲಸ್ಥಿತಿಗಳನ್ನು ಇದ್ದಂತೆಯೇ ಪಾಲಿಸುವುದು ರಾಜನ ಧರ್ಮವೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಗೆದ್ದವರ ವಿಷಯದಲ್ಲಿಯೇ ಹೀಗಾದರೆ ಸ್ವಂತ ಪ್ರಜೆಗಳ ವಿಷಯದಲ್ಲಿ ಹೇಳತಕ್ಕದ್ದೇನು? ಒಬ್ಬರ ಆಚಾರವನ್ನು ಕಾಯುವುದಕ್ಕೆ ಮತ್ತೊಬ್ಬರ ಆಚಾರವನ್ನು ಕಳಚಿಸುವುದು ರಕ್ಷಣೆಯೆನಿಸದು. 2008ರ ಭೂತಾನದ ಸಂವಿಧಾನವು ಸಂಸ್ಕೃತಿಯನ್ನು ಕಾಯಬೇಕೆನ್ನುವುದರ ಜೊತೆಗೆ, ಅದು ವಿಕಾಸಗೊಳ್ಳುವ ಚೈತನ್ಯವೆಂದೂ ಒಪ್ಪಿಕೊಂಡಿದೆ. ಈ ವಿವೇಕವು ಮೊದಲೇ ಇದ್ದಿದ್ದರೆ!

ಉಡಿಗೆಯ ಬಾಳು ಮಗ್ಗದಲ್ಲಿದೆ, ಹಬ್ಬದ ಬಾಳು ಮನೆಯ ಹೊಸ್ತಿಲಿನಲ್ಲಿದೆ. ನೇಪಾಳದ ಶಿಬಿರಗಳ ಬಿದಿರು ಗುಡಿಸಲುಗಳಲ್ಲಿ ಲೋತ್ಸಾಂಪರು ತಮ್ಮ ದಶೈಂ, ತಿಹಾರ್ ಎಂಬ ದಸರೆ ದೀಪಾವಳಿಗಳನ್ನು ಬಿಡದೆ ಆಚರಿಸಿದರು. ಹಾಗೆ ಮಾಡಬೇಕೆಂದು ಅವರಿಗೆ ಯಾವ ಅರಸನೂ ಆಜ್ಞೆಯನ್ನಿತ್ತಿರಲಿಲ್ಲ.