ಬಾಕ್ಸಿಂಗ್ ಮತ್ತು ಎಂಎಂಎ: ರಕ್ತ ಹೆಚ್ಚು ಸುರಿಯುವ ಆಟವೇ ಹೆಚ್ಚು ಅಪಾಯಕಾರಿಯೇ?

ಸುತ್ತ ಬೇಲಿ ಹಾಕಿದ ಅಖಾಡ. ಒಬ್ಬನ ಮುಖವೆಲ್ಲ ರಕ್ತ, ಇನ್ನೊಬ್ಬ ಅವನ ಎದೆಯ ಮೇಲೆ ಕೂತು ಗುದ್ದುತ್ತಿದ್ದಾನೆ. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಅದರ ಜೊತೆ ಒಂದು ಮಾತೂ ಬರುತ್ತದೆ: ಇದು ಆಟವಲ್ಲ, ಬಡಿದಾಟ, ಬಾಕ್ಸಿಂಗ್ ಆದರೆ ದಪ್ಪ ಗ್ಲೌಸ್ ಇರುತ್ತದೆ, ನಿಯಮ ಇರುತ್ತದೆ, ಸೇಫ್. ಮಕ್ಕಳನ್ನು ಯಾವ ತರಬೇತಿಗೆ ಸೇರಿಸೋಣ ಎಂದು ಯೋಚಿಸುವ ಅಪ್ಪ-ಅಮ್ಮಂದಿರೂ ಇದೇ ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಸರಿಯೇ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಸರಿಯಲ್ಲ. ಎಂಎಂಎಯಲ್ಲಿ ಕಣ್ಣಿಗೆ ಕಾಣುವ ಗಾಯ ಹೆಚ್ಚು. ಆದರೆ ತಲೆಗೆ ಬೀಳುವ ಪೆಟ್ಟಿನ ವಿಷಯದಲ್ಲಿ ಬಾಕ್ಸಿಂಗ್ ಅದಕ್ಕಿಂತ ಸುರಕ್ಷಿತ ಎನ್ನಲು ಆಧಾರವಿಲ್ಲ. ಸಿಕ್ಕಿರುವ ಅಧ್ಯಯನಗಳು ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧವಾಗಿಯೇ ಹೇಳುತ್ತವೆ. ಏಕೆ ಎಂದು ಒಂದೊಂದಾಗಿ ನೋಡೋಣ.

ಎರಡೂ ಆಟಗಳಲ್ಲಿ ಏನು ವ್ಯತ್ಯಾಸ?

ಬಾಕ್ಸಿಂಗ್‌ನಲ್ಲಿ ಮುಷ್ಟಿಯಿಂದ ಮಾತ್ರ ಹೊಡೆಯಬೇಕು, ಅದೂ ಸೊಂಟದಿಂದ ಮೇಲೆ. ಇಂದಿನ ಬಾಕ್ಸಿಂಗ್‌ಗೆ ಅಡಿಪಾಯ 1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು. ಗ್ಲೌಸ್, ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿರಾಮ, ಕೆಳಗೆ ಬಿದ್ದವನಿಗೆ ಹತ್ತು ಎಣಿಸುವಷ್ಟು ಸಮಯ ಇವೆಲ್ಲ ಅಲ್ಲಿಂದಲೇ ಬಂದವು. ವೃತ್ತಿಪರ ಪುರುಷರ ಪ್ರಶಸ್ತಿ ಪಂದ್ಯ 12 ಸುತ್ತಿನದು, ಅಂದರೆ 36 ನಿಮಿಷದ ಹೊಡೆದಾಟ. ಒಲಿಂಪಿಕ್ಸ್‌ನಲ್ಲಿ ಮೂರೇ ಸುತ್ತು.

ಎಂಎಂಎ ಎಂದರೆ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್, ಮಿಶ್ರ ಸಮರಕಲೆ. ಬಾಕ್ಸಿಂಗ್‌ನ ಗುದ್ದು, ಕಿಕ್‌ಬಾಕ್ಸಿಂಗ್‌ನ ಒದೆ, ಕುಸ್ತಿಯ ಪಟ್ಟು, ಜುಜುತ್ಸುವಿನ ಕೀಲು ತಿರುಚುವ ಮತ್ತು ಕತ್ತು ಅಮುಕುವ ಹಿಡಿತಗಳೆಲ್ಲ ಇಲ್ಲಿ ಸೇರುತ್ತವೆ. ಸುತ್ತು ಐದು ನಿಮಿಷದ್ದು. ಸಾಮಾನ್ಯ ಪಂದ್ಯಕ್ಕೆ ಮೂರು ಸುತ್ತು, ಪ್ರಶಸ್ತಿ ಪಂದ್ಯಕ್ಕೆ ಐದು. ಹೆಚ್ಚೆಂದರೆ 25 ನಿಮಿಷ. ನೋವು ತಾಳಲಾಗದಿದ್ದರೆ ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಿ ಸೋಲೊಪ್ಪಬಹುದು. ಇದಕ್ಕೆ ‘ಟ್ಯಾಪ್’ ಎನ್ನುತ್ತಾರೆ.

"ಎಂಎಂಎಗೆ ನಿಯಮವೇ ಇಲ್ಲ" – ಇದು ಹಳೆಯ ಮಾತು

ಈ ಮಾತು ಹುಟ್ಟಿದ್ದಕ್ಕೆ ಕಾರಣ ಇದೆ. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿಯ ಮೊದಲ ಕೂಟ ನಡೆದಾಗ ತೂಕದ ವಿಭಾಗಗಳಿರಲಿಲ್ಲ, ನಿಯಮಗಳೂ ಬೆರಳೆಣಿಕೆಯಷ್ಟೇ. ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಇದನ್ನು ‘ಮನುಷ್ಯರ ಕೋಳಿ ಅಂಕ’ ಎಂದು ಕರೆದು ಹಲವು ರಾಜ್ಯಗಳಲ್ಲಿ ನಿಷೇಧಕ್ಕೆ ಕಾರಣರಾದರು. 2000ದ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಏಕರೂಪದ ನಿಯಮಗಳು ರೂಪುಗೊಂಡವು. ಈಗ ಕಣ್ಣಿಗೆ ಚುಚ್ಚುವುದು, ಕಚ್ಚುವುದು, ತಲೆಯಿಂದ ಢಿಕ್ಕಿ ಹೊಡೆಯುವುದು, ತಲೆಯ ಹಿಂಭಾಗಕ್ಕೆ ಅಥವಾ ತೊಡೆಸಂದಿಗೆ ಹೊಡೆಯುವುದು, ಕೆಳಗೆ ಬಿದ್ದವನ ತಲೆಗೆ ಒದೆಯುವುದು ಎಲ್ಲವೂ ತಪ್ಪು. ತೂಕದ ವಿಭಾಗ, ವೈದ್ಯಕೀಯ ತಪಾಸಣೆ ಎರಡೂ ಇವೆ.

"ಬಾಕ್ಸರ್‌ಗಿಂತ ಎಂಎಂಎ ಆಟಗಾರನೇ ಬಲಶಾಲಿ" – ಯಾರ ನಿಯಮದಲ್ಲಿ?

2010ರಲ್ಲಿ ಬಾಕ್ಸಿಂಗ್‌ನ ಮಾಜಿ ವಿಶ್ವ ಚಾಂಪಿಯನ್ ಜೇಮ್ಸ್ ಟೋನಿ ಎಂಎಂಎ ಅಖಾಡಕ್ಕಿಳಿದರು. ಕುಸ್ತಿಯಲ್ಲಿ ಪಳಗಿದ್ದ ರ‍್ಯಾಂಡಿ ಕೂಟೂರ್ ಅವರನ್ನು ನೆಲಕ್ಕೆ ಕೆಡವಿ ಮೊದಲ ಸುತ್ತಿನಲ್ಲೇ ಕತ್ತು ಅಮುಕಿ ಗೆದ್ದರು. 2017ರಲ್ಲಿ ಎಂಎಂಎ ತಾರೆ ಕಾನರ್ ಮೆಕ್‌ಗ್ರೆಗರ್ ಬಾಕ್ಸಿಂಗ್ ರಿಂಗ್‌ಗೆ ಬಂದರು. ಫ್ಲಾಯ್ಡ್ ಮೇವೆದರ್ ಹತ್ತನೇ ಸುತ್ತಿನಲ್ಲಿ ಪಂದ್ಯ ಮುಗಿಸಿದರು. ಯಾರ ಮನೆಯಂಗಳದಲ್ಲಿ ಆಟವೋ ಅವರದೇ ಗೆಲುವು. ಗೆಲುವಿನಂತೆಯೇ ಗಾಯವೂ. ಆಟದ ನಿಯಮ ಎಲ್ಲಿಗೆ ಹೊಡೆಯಲು ಬಿಡುತ್ತದೋ ಪೆಟ್ಟು ಅಲ್ಲಿಗೇ ಬೀಳುತ್ತದೆ.

"ದಪ್ಪ ಗ್ಲೌಸ್ ತಲೆಯನ್ನು ಕಾಪಾಡುತ್ತದೆ" – ಇಲ್ಲ, ಕಾಪಾಡುವುದು ಕೈಯನ್ನು

ವೃತ್ತಿಪರ ಬಾಕ್ಸಿಂಗ್‌ನ ಗ್ಲೌಸ್ 8 ಅಥವಾ 10 ಔನ್ಸ್, ಅಂದರೆ ಸುಮಾರು 227ರಿಂದ 283 ಗ್ರಾಂ ತೂಗುತ್ತದೆ. ಎಂಎಂಎ ಗ್ಲೌಸ್ ಸುಮಾರು 4 ಔನ್ಸ್, 113 ಗ್ರಾಂ. ಬೆರಳುಗಳು ಹೊರಗೇ ಇರುತ್ತವೆ.

ಅಂಗೈ ಮತ್ತು ಬೆರಳುಗಳ ಮೂಳೆ ಸಣ್ಣವು, ತಲೆಬುರುಡೆ ಗಟ್ಟಿ. ಬರಿಗೈಯಲ್ಲಿ ಒಬ್ಬನ ಹಣೆಗೆ ಬಲವಾಗಿ ಗುದ್ದಿ ನೋಡಿದವರಿಗೆ ಗೊತ್ತು, ಮೊದಲು ಮುರಿಯುವುದು ಗುದ್ದಿದವನ ಕೈ. ಆ ಭಯವೇ ಒಂದು ಕಡಿವಾಣ. ದಪ್ಪ ಗ್ಲೌಸ್ ಈ ಭಯವನ್ನು ತೆಗೆದುಹಾಕುತ್ತದೆ. ಚರ್ಮ ಹರಿಯುವುದು ಕಡಿಮೆಯಾಗುತ್ತದೆ, ತಲೆಗೆ ಗುದ್ದುವುದು ಹೆಚ್ಚಾಗುತ್ತದೆ.

ಒಳಗೆ ಏನಾಗುತ್ತದೆ? ಸುಮಾರು 1,400 ಗ್ರಾಂ ತೂಕದ ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ದವಡೆಗೆ ಪಕ್ಕದಿಂದ ಪೆಟ್ಟು ಬಿದ್ದಾಗ ತಲೆ ಗಿರ್ರನೆ ತಿರುಗುತ್ತದೆ, ಮಿದುಳು ಅದರ ಹಿಂದೆ ಎಳೆದಾಡುತ್ತದೆ. ನರತಂತುಗಳು ಜಗ್ಗುತ್ತವೆ. ಪೆಟ್ಟು ಜೋರಾದರೆ ಮಿದುಳಿನ ಮೇಲ್ಮೈಯ ರಕ್ತನಾಳ ಹರಿದು ಒಳಗೇ ರಕ್ತ ಶೇಖರವಾಗುತ್ತದೆ. ಹೀಗೆ ತಿರುಗುವುದನ್ನು ಗ್ಲೌಸಾಗಲಿ ತಲೆಗವಸಾಗಲಿ ತಡೆಯಲಾರದು. ತಲೆಗವಸು ಮುಖ್ಯವಾಗಿ ತಪ್ಪಿಸುವುದು ಹರಿದ ಗಾಯವನ್ನು. 2016ರ ರಿಯೊ ಒಲಿಂಪಿಕ್ಸ್‌ನಿಂದ ಪುರುಷ ಬಾಕ್ಸರ್‌ಗಳು ತಲೆಗವಸಿಲ್ಲದೆ ಆಡುತ್ತಿದ್ದಾರೆ.

"ರಕ್ತ ಹೆಚ್ಚಿದ್ದರೆ ಅಪಾಯ ಹೆಚ್ಚು" – ಇಲ್ಲೇ ನಾವು ಮೋಸಹೋಗುವುದು

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ನಿಮಗೆ ಗೊತ್ತಿರಬಹುದು. ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಅಲ್ಲಿ ರಕ್ತವೇ ಮುಕ್ತಾಯದ ಗುರುತು. ಆಧುನಿಕ ಪಂದ್ಯಗಳಲ್ಲಿ ಹಾಗಲ್ಲ. ಮುಖದ ಚರ್ಮದಲ್ಲಿ ರಕ್ತನಾಳಗಳು ಹೇರಳ. ಹುಬ್ಬಿನ ಮೇಲೆ ಸಣ್ಣ ಗಾಯವಾದರೂ ಮುಖವೆಲ್ಲ ಕೆಂಪಾಗುತ್ತದೆ. ನಾಲ್ಕು ಹೊಲಿಗೆ ಹಾಕಿದರೆ ವಾರದಲ್ಲಿ ವಾಸಿ. ತಲೆಯೊಳಗಿನ ಪೆಟ್ಟಿಗೆ ಹೊರಗೆ ಒಂದು ಹನಿ ರಕ್ತವೂ ಬೇಕಿಲ್ಲ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ವರ್ಷಗಳ ಕಾಲ ಪಂದ್ಯದ ನಂತರ ನಡೆದ ವೈದ್ಯಕೀಯ ತಪಾಸಣೆಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ 1,181 ಎಂಎಂಎ ಆಟಗಾರರು, 550 ಬಾಕ್ಸರ್‌ಗಳು ಇದ್ದರು. ಏನಾದರೊಂದು ಗಾಯವಾದವರು ಎಂಎಂಎಯಲ್ಲಿ ಶೇ 59.4, ಬಾಕ್ಸಿಂಗ್‌ನಲ್ಲಿ ಶೇ 49.8. ಆದರೆ ಪ್ರಜ್ಞೆ ತಪ್ಪಿದವರು ಬಾಕ್ಸಿಂಗ್‌ನಲ್ಲಿ ಶೇ 7.1, ಎಂಎಂಎಯಲ್ಲಿ ಶೇ 4.2. ಸಣ್ಣ ಗಾಯ ಅಲ್ಲಿ ಹೆಚ್ಚು, ದೊಡ್ಡ ಪೆಟ್ಟು ಇಲ್ಲಿ ಹೆಚ್ಚು.

ಬಾಕ್ಸಿಂಗ್‌ನಲ್ಲಿ ತಲೆಗೆ ಪೆಟ್ಟು ಏಕೆ ಹೆಚ್ಚು?

ಒಂದು, ಗುದ್ದಲು ಇರುವ ಜಾಗವೇ ಎರಡು: ತಲೆ ಮತ್ತು ಮುಂಡ. ಎಂಎಂಎಯಲ್ಲಿ ಸಮಯದ ಬಹುಪಾಲು ಹಿಡಿತ, ಎಳೆತ, ನೆಲದ ಮೇಲಿನ ಪಟ್ಟುಗಳಲ್ಲಿ ಕಳೆಯಬಹುದು.

ಎರಡು, ಹತ್ತು ಎಣಿಸುವ ಪದ್ಧತಿ. ತಲೆ ತಿರುಗಿ ಬಿದ್ದವನು ಎಣಿಕೆ ಮುಗಿಯುವುದರೊಳಗೆ ಎದ್ದು ನಿಂತರೆ ಮತ್ತೆ ಹೊಡೆತ ತಿನ್ನಲು ಸಿದ್ಧ. ದಯೆಯಂತೆ ಕಾಣುವ ಈ ನಿಯಮ ಪೆಟ್ಟಾದ ಮಿದುಳಿನ ಮೇಲೆ ಇನ್ನಷ್ಟು ಪೆಟ್ಟು ಬೀಳಲು ದಾರಿ ಮಾಡುತ್ತದೆ. ಎಂಎಂಎಯಲ್ಲಿ ಎಣಿಕೆ ಇಲ್ಲ. ಆಟಗಾರ ತನ್ನನ್ನು ಕಾಪಾಡಿಕೊಳ್ಳುತ್ತಿಲ್ಲ ಎನಿಸಿದರೆ ರೆಫರಿ ಅಲ್ಲಿಗೇ ಮುಗಿಸುತ್ತಾರೆ.

ಮೂರು, ಪಂದ್ಯದ ಉದ್ದ. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ 14ನೇ ಸುತ್ತಿನವರೆಗೂ ಹೋರಾಡಿ ಕುಸಿದುಬಿದ್ದರು. ಮಿದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡ ಮೇಲೆ ಪ್ರಶಸ್ತಿ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಲಾಯಿತು.

ಹಾಗಾದರೆ ಎಂಎಂಎ ಸುರಕ್ಷಿತವೇ?

ಖಂಡಿತ ಅಲ್ಲ. 2006ರಿಂದ 2012ರವರೆಗಿನ ಯುಎಫ್‌ಸಿ ಪಂದ್ಯಗಳ ವಿಡಿಯೊಗಳನ್ನು ಟೊರಾಂಟೊದ ಸಂಶೋಧಕರು ನೋಡಿದಾಗ, ಸುಮಾರು ಮೂರರಲ್ಲೊಂದು ಪಂದ್ಯ ತಲೆಗೆ ಬಿದ್ದ ಪೆಟ್ಟಿನಿಂದಲೇ ಮುಗಿದಿತ್ತು. ನಾಕೌಟ್ ಆದ ಪೆಟ್ಟಿಗೂ ರೆಫರಿ ಪಂದ್ಯ ನಿಲ್ಲಿಸುವುದಕ್ಕೂ ನಡುವೆ ಸರಾಸರಿ 3.5 ಸೆಕೆಂಡ್. ಅಷ್ಟರಲ್ಲಿ ತಲೆಗೆ ಸರಾಸರಿ 2.6 ಪೆಟ್ಟು ಹೆಚ್ಚುವರಿಯಾಗಿ ಬಿದ್ದಿದ್ದವು. ಇದರ ಮೇಲೆ ಮೊಣಕೈ, ಭುಜ, ಮೊಣಕಾಲಿನ ಗಾಯಗಳು. ತೂಕ ಇಳಿಸಲು ನೀರು ಬಿಡುವ ಚಾಳಿ ಬೇರೆ. 2015ರಲ್ಲಿ ಮನಿಲಾದಲ್ಲಿ ಚೀನಾದ ಯುವ ಆಟಗಾರನೊಬ್ಬ ಪಂದ್ಯಕ್ಕೆ ಮೊದಲೇ, ತೂಕ ಇಳಿಸುವ ಹಂತದಲ್ಲಿ ಅಸ್ವಸ್ಥನಾಗಿ ಪ್ರಾಣ ಕಳೆದುಕೊಂಡ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2011ರಿಂದ ಎರಡೂ ಆಟಗಳ ವೃತ್ತಿಪರರ ಮಿದುಳನ್ನು ಸ್ಕ್ಯಾನ್ ಮಾಡುತ್ತಾ ಬಂದಿದೆ. ಪೆಟ್ಟು ತಿಂದ ವರ್ಷಗಳು ಹೆಚ್ಚಿದಂತೆ ಮಿದುಳಿನ ಕೆಲವು ಭಾಗಗಳ ಗಾತ್ರ ಕುಗ್ಗಿರುವುದು, ಯೋಚನೆಯ ವೇಗ ತಗ್ಗಿರುವುದು ಕಂಡುಬಂದಿದೆ. ಬಾಕ್ಸರ್‌ಗಳಲ್ಲಿ ಇದು ಹೆಚ್ಚು, ಎಂಎಂಎ ಆಟಗಾರರೂ ಇದರಿಂದ ಹೊರತಲ್ಲ.

ನಮ್ಮೂರಿನ ಪಾಠ

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ಮುಖಕ್ಕೆ ಬಿದ್ದ ಗುದ್ದಿನಿಂದ ಕುಸಿದುಬಿದ್ದು, ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ಮೃತಪಟ್ಟ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಕುಟುಂಬದವರು ಆರೋಪಿಸಿದರು. ಅದು ಬಾಕ್ಸಿಂಗೂ ಅಲ್ಲ, ಎಂಎಂಎಯೂ ಅಲ್ಲ. ತಲೆಗೆ ಹೊಡೆಯುವ ಆಟ ಯಾವುದೇ ಆಗಿರಲಿ, ಅದರ ಹೆಸರಿಗಿಂತ ಸುತ್ತಲಿನ ವ್ಯವಸ್ಥೆ ಮುಖ್ಯ.

ಮಕ್ಕಳನ್ನು ಸೇರಿಸುವ ಮುನ್ನ ತರಬೇತುದಾರರನ್ನು ಇಷ್ಟು ಕೇಳಿ:

• ಮಕ್ಕಳಿಗೆ ತಲೆಗೆ ಹೊಡೆಯುವ ಸ್ಪಾರಿಂಗ್ ಇದೆಯೇ? ಚೀಲಕ್ಕೆ, ಪ್ಯಾಡ್‌ಗೆ ಗುದ್ದಿ ಕಲಿಯುವುದರಿಂದ ವ್ಯಾಯಾಮವೂ ಶಿಸ್ತೂ ಸಿಗುತ್ತದೆ, ಮಿದುಳಿಗೆ ಪೆಟ್ಟಿಲ್ಲ.
• ತಲೆಗೆ ಪೆಟ್ಟಾದರೆ ಎಷ್ಟು ದಿನ ವಿಶ್ರಾಂತಿ ಕೊಡುತ್ತೀರಿ? ವೈದ್ಯರ ಒಪ್ಪಿಗೆ ಕೇಳುತ್ತೀರಾ?
• ಪಂದ್ಯದ ದಿನ ವೈದ್ಯರು, ಆಂಬುಲೆನ್ಸ್ ಸ್ಥಳದಲ್ಲೇ ಇರುತ್ತಾರೆಯೇ?
• ತೂಕ ಇಳಿಸಲು ನೀರು, ಊಟ ಬಿಡಿಸುತ್ತೀರಾ?

ಪೆಟ್ಟಾದ ಮೇಲೆ ಆಟಗಾರ ಎದ್ದು ಮಾತಾಡಿದ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಒಳಗಿನ ರಕ್ತಸ್ರಾವದ ಲಕ್ಷಣ ಗಂಟೆಗಳ ನಂತರವೂ ಕಾಣಿಸಬಹುದು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ತೊದಲು ಮಾತು, ಕೈಕಾಲು ಬಲಹೀನವಾಗುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು – ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಕೊನೆಯ ಮಾತು

ಎಂಎಂಎ ಬರೀ ರಕ್ತಪಾತ, ಬಾಕ್ಸಿಂಗ್ ಸುರಕ್ಷಿತ ಎಂಬ ಸಂದೇಶ ಅರ್ಧ ಮಾತ್ರ ನಿಜ. ರಕ್ತ ಎಂಎಂಎಯಲ್ಲಿ ಹೆಚ್ಚು, ಹೌದು. ಆದರೆ ರಕ್ತವನ್ನು ನೋಡಿ ಅಪಾಯ ಅಳೆಯಬೇಡಿ. ತಲೆಗೆ ಎಷ್ಟು ಪೆಟ್ಟು ಬಿತ್ತು, ಯಾವಾಗ ನಿಲ್ಲಿಸಿದರು ಎಂಬುದನ್ನು ನೋಡಿ. ಮುಂದಿನ ಸಲ ಅಂಥ ವಿಡಿಯೊ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಇದನ್ನೊಮ್ಮೆ ನೆನೆಯಿರಿ. ಮನೆಯಲ್ಲಿ ಬಾಕ್ಸಿಂಗ್, ಎಂಎಂಎ ಕಲಿಯುವ ಮಕ್ಕಳಿದ್ದರೆ ಮೇಲಿನ ಪ್ರಶ್ನೆಗಳನ್ನು ಮತ್ತು ಅಪಾಯದ ಲಕ್ಷಣಗಳನ್ನು ಅವರ ತರಬೇತಿ ಗ್ರೂಪಿಗೆ ಕಳಿಸಿ.